ಕಟ್ಟಿಟ್ಟ ಮೆಣಸು, ಅಳಿಸಿದ ಸ್ಟಾಪ್‌ಲಾಸ್

ನನ್ನ ಗಂಡ ಪ್ರವೀತ್ ಬೋವಿಕಾನದಲ್ಲಿ ಕರಿಮೆಣಸು, ಗೇರುಬೀಜ ಕೊಳ್ಳುವ ಅಂಗಡಿ ನಡೆಸುತ್ತಾರೆ. ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿದರೆ ಸಾಕು, ಮೆಣಸು ಎಷ್ಟು ಬಿಸಿಲು ಕಂಡಿದೆ ಎಂದು ಹೇಳಬಲ್ಲರು. ಅಂಥವರಿಗೆ ತಮ್ಮದೇ ಕೈಬರಹದ ಒಂದು ಸಾಲು ಅರ್ಥವಾಗುವುದಿಲ್ಲ ಎಂದರೆ ನಾನು ಯಾರಲ್ಲಿ ಹೇಳಲಿ?

ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಶೇರು ವ್ಯಾಪಾರ ಶುರು ಮಾಡಿದಾಗ ಆ ಸಾಲನ್ನು ಬರೆದು ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿದ್ದರು: ‘ಒಂದು ವ್ಯಾಪಾರದಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಕಳೆಯಬಾರದು.’ ಶೇರು ಕೊಂಡ ಕೂಡಲೇ ಸ್ಟಾಪ್‌ಲಾಸ್ ಕೂಡ ಹಾಕುತ್ತಾರೆ, ಅಂದರೆ ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡುವ ಆರ್ಡರ್. ಇಷ್ಟರವರೆಗೆ ಚಿನ್ನದಂಥ ಮನುಷ್ಯ. ಬೆಲೆ ಅದರ ಹತ್ತಿರ ಬಂತೋ, ಹೆಬ್ಬೆರಳು ಸುಮ್ಮನಿರುವುದಿಲ್ಲ. ಆರ್ಡರ್ ಕ್ಯಾನ್ಸಲ್!

ಇದಕ್ಕೆಲ್ಲ ಮೂಲ ಮೂರು ಗೋಣಿ ಮೆಣಸು. ನಮ್ಮ ಮದುವೆಯ ವರ್ಷ ಬೆಲೆ ಬಿದ್ದಿತ್ತು. ಮಾವ ಕೂಸಪ್ಪ ಗೋಣಿಯ ಬಾಯಿ ಹೊಲಿದು, ತಾರೀಕು ಬರೆದು ಅಟ್ಟಕ್ಕೇರಿಸಿದರು. ನಾಲ್ಕು ವರ್ಷ ಕಳೆದು ಹೆಚ್ಚುಕಡಿಮೆ ದುಪ್ಪಟ್ಟಿಗೆ ಹೋಯಿತು. ಅಂದಿನಿಂದ ಅಪ್ಪ ಮಗ ಇಬ್ಬರ ಬಾಯಲ್ಲೂ ಒಂದೇ ಮಂತ್ರ: ಇಟ್ಟರೆ ಬೆಲೆ ಬರ್ತದೆ.

ಈ ಫೆಬ್ರವರಿಯಲ್ಲಿ ಯಾವುದೋ ಪಂಪ್ ಕಂಪೆನಿಯ ಇನ್ನೂರು ಶೇರುಗಳನ್ನು ಇನ್ನೂರು ರೂಪಾಯಿಯಂತೆ ಕೊಂಡರು. ಸ್ಟಾಪ್‌ಲಾಸ್ ನೂರ ತೊಂಬತ್ತಕ್ಕೆ. ಬೆಲೆ ನೂರ ತೊಂಬತ್ತೊಂದಾದಾಗ ಅಳಿಸಿದರು. ನೂರ ಎಪ್ಪತ್ತಾದಾಗ ‘ಅಗ್ಗಕ್ಕೆ ಸಿಕ್ಕಿತು’ ಎಂದು ಇನ್ನೂ ಇನ್ನೂರು ಕೊಂಡರು. ಆ ಎರಡು ಸಲ ಹೋದದ್ದರಲ್ಲಿ ಮಗಳ ಹಣವೂ ಇತ್ತು ಎಂದು ನನಗೆ ತಿಳಿದದ್ದು ಮಾರ್ಚಿನಲ್ಲಿ.

ನಾಲ್ಕು ವರ್ಷದ ಧನ್ವಿಯ ಎಡಗಣ್ಣು ಮೂಗಿನ ಕಡೆಗೆ ವಾಲುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಆಪರೇಷನ್. ಅದಕ್ಕೆಂದು ಐವತ್ತೈದು ಸಾವಿರ ತೆಗೆದಿಟ್ಟಿದ್ದೆವು. ಮೇವರೆಗೆ ಸುಮ್ಮನೆ ಬಿದ್ದಿರುವುದೇಕೆ ಎಂದು ಇವರು ಅಷ್ಟನ್ನೂ ಈ ಶೇರಿಗೇ ಹಾಕಿದ್ದರು!

ಅಂಗನವಾಡಿಯಿಂದ ಮಗಳನ್ನು ಎತ್ತಿಕೊಂಡು ನೇರ ಅಂಗಡಿಗೆ ಹೋದೆ. ಶೇರು ನೂರ ನಲವತ್ತೆಂಟರಲ್ಲಿತ್ತು. ಇನ್ನು ಹನ್ನೊಂದು ರೂಪಾಯಿ ಇಳಿದರೆ ಆಪರೇಷನಿಗೇ ಸಾಲದು.

“ಮಾರಿ,” ಎಂದೆ.

“ಈಗ ಮಾರಿದರೆ ನಷ್ಟ. ಮಾರದಿದ್ದರೆ ಎಂತ ನಷ್ಟ ಉಂಟು ಮಾರಾಯ್ತಿ?”

“ಡಾಕ್ಟರಿಗೂ ಹಾಗೇ ಹೇಳ್ತೀರಾ?”

ಅಷ್ಟರಲ್ಲಿ ಎಣ್ಮಕಜೆಯ ಕೃಷಿಕ ಉಗ್ಗಪ್ಪಣ್ಣ ಜೀಪಿನಿಂದ ಒಂದು ಗೋಣಿ ಮೆಣಸು ಇಳಿಸಿದರು. “ನಿನ್ನೆ ಮಳೆಗೆ ಚೂರು ನೆನೆದದ್ದು ಮಾರಾಯ್ರೇ. ಎರಡು ದಿನ ಇಟ್ಟು ನೋಡಿ, ರೇಟು ಏರ್ತದೆ.”

ಇವರು ಕಾಳು ಕಚ್ಚಿ ಉಗುಳಿದರು. “ಇಡುವುದಾ? ನಾಳೆಗೆ ಬೂಸ್ಟು ಹಿಡೀತದೆ. ಬಾಕಿ ಗೋಣಿಗಳನ್ನೂ ಹಾಳು ಮಾಡ್ತದೆ. ಇವತ್ತಿನ ಲಾರಿಗೇ ಹೋಗ್ಬೇಕು, ಸಿಕ್ಕಿದ ರೇಟಿಗೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಉಗ್ಗಪ್ಪಣ್ಣ, ಇವರ ಮೊಬೈಲಿನಲ್ಲೂ ಇಂಥದ್ದೇ ನೆನೆದ ಮೆಣಸು ಉಂಟು. ಅದನ್ನು ಮಾತ್ರ ಅಟ್ಟದಲ್ಲಿ ಇಟ್ಟಿದ್ದಾರೆ. ಈಗ ಮಗಳ ಕಣ್ಣಿನ ಹಣಕ್ಕೂ ಬೂಸ್ಟು ಹಿಡಿದುಂಟು.”

ಉಗ್ಗಪ್ಪಣ್ಣನಿಗೆ ಶೇರಿನ ವಿಷಯ ಎಂತದೂ ಗೊತ್ತಿಲ್ಲ. ಆದರೂ, “ಅಕ್ಕ ಹೇಳಿದ್ದು ಸಮ,” ಎಂದು ತಲೆಯಾಡಿಸಿದರು.

ಇವರ ಮುಖ ಕೆಂಪಾಯಿತು. ಧನ್ವಿ ತಕ್ಕಡಿಯ ಮೇಲೆ ಕುಳಿತು, “ಅಪ್ಪಾ, ನಾನೆಷ್ಟು?” ಎಂದು ಕೇಳುತ್ತಿದ್ದಳು. ಇವರು ಅವಳತ್ತ ನೋಡಿದರು, ಫೋನು ತೆಗೆದು ನೂರ ನಲವತ್ತಕ್ಕೆ ಸ್ಟಾಪ್‌ಲಾಸ್ ಹಾಕಿದರು. ಆ ಆರ್ಡರಿನ ಆಯುಸ್ಸು ಒಂದೇ ದಿನ. ಮರುದಿನ ಮಾರುಕಟ್ಟೆ ತೆರೆಯುವ ಮೊದಲೇ ಮತ್ತೆ ಅದನ್ನೇ ಹಾಕಿಸಿ, ಫೋನನ್ನು ನನ್ನ ಚೀಲಕ್ಕೆ ಸೇರಿಸಿದೆ. ಆ ಹೆಬ್ಬೆರಳನ್ನು ನಂಬುವುದು ಹೇಗೆ?

ಅಂಗಡಿ ಪಕ್ಕದ ಬೇಕರಿಯ ಫೋನಿನಿಂದ ಇವರು ಐದು ಸಲ ಕರೆ ಮಾಡಿದರು. “ಎಷ್ಟಾಯ್ತು?” ಹತ್ತೂಮುಕ್ಕಾಲಕ್ಕೆ ನೂರ ನಲವತ್ತು ಮುಟ್ಟಿತು, ಎಲ್ಲ ಮಾರಿಹೋಯಿತು. ಐವತ್ತಾರು ಸಾವಿರದ ಹತ್ತಿರ ಉಳಿಯಿತು. ಮಧ್ಯಾಹ್ನದ ಮೇಲೆ ಅದೇ ಶೇರು ನೂರ ನಲವತ್ತೊಂಬತ್ತಕ್ಕೆ ಏರಿತು!

“ನೋಡಿದಿಯಾ? ಬಂತಲ್ಲ!” ಸಂಜೆ ಚಪ್ಪಲಿ ಬಿಚ್ಚುವ ಮೊದಲೇ ಶುರು. “ಒಂದೇ ದಿನ ಕಾದಿದ್ದರೆ...”

“ಬರಲಿ. ಹಣ ಬ್ಯಾಂಕಿಗೆ ಬಂದ ದಿನವೇ ಆಸ್ಪತ್ರೆಗೆ ಕಟ್ಟುವುದು.”

ಹಾಗೆಯೇ ಕಟ್ಟಿದೆವು. ರಶೀದಿಯನ್ನು ತಕ್ಕಡಿಯ ಮೇಲೆ, ಆ ಸಾಲಿನ ಕೆಳಗೆ, ನಾನೇ ಅಂಟಿಸಿ ಬಂದಿದ್ದೇನೆ.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನು ನೋಡಿ, “ನೂರ ಐವತ್ತೆರಡು,” ಎಂದರು, ಯಾರಿಗೂ ಅಲ್ಲ ಎಂಬಂತೆ. ನಾನು ಧನ್ವಿಯ ಕನ್ನಡಕ ಒರೆಸುತ್ತಿದ್ದೆ. ಕೇಳಿಸಿತು. ಕನ್ನಡಕವನ್ನು ಅವಳ ಮೂಗಿಗೇರಿಸಿ, ಅಂಗನವಾಡಿಗೆ ಹೊರಡಿಸಿದೆ.