ಹನೂರಿನ ಮೆಷಿನ್ನಿನೊಳಗೆ ನಮ್ಮತ್ತೆ

ಬೆಳಗಿನ ಇಡ್ಲಿ ವ್ಯಾಪಾರ ಮುಗಿಸಿ, ಮಧ್ಯಾಹ್ನದ ಊಟದ ಜವಾಬ್ದಾರಿಯನ್ನು ಗಂಡನ ತಲೆಗೆ ಕಟ್ಟಿ, ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದೆ. ಯಳಂದೂರಿನಿಂದ ಹನೂರಿಗೆ ಹೋಗಿಬರುವುದೂ ಒಂದು ಪ್ರವಾಸವೇ ಎಂದು ನೀವು ನಗಬಹುದು. ನಗಿ. ಮೆಸ್ ನಡೆಸುವ ಹೆಂಗಸು ಒಂದು ಹಗಲು ಒಲೆ ಬಿಟ್ಟು ಹೊರಗೆ ಕಾಲಿಟ್ಟರೆ ಅದು ಕಾಶಿಯಾತ್ರೆಯೇ. ನಾನು ಹೊರಟಿದ್ದು ದೇವರನ್ನು ನೋಡುವುದಕ್ಕಲ್ಲ. ವಾರಗಿತ್ತಿಯ ಹೋಟೆಲಿನ ಮೆಷಿನ್ನು ನೋಡುವುದಕ್ಕೆ, ಮತ್ತು ಅಲ್ಲೇ ಕೂತುಬಿಟ್ಟಿದ್ದ ಅತ್ತೆಯನ್ನು ಮನೆಗೆ ಕರೆತರುವುದಕ್ಕೆ.

ನನ್ನ ಮೈದುನ ಮತ್ತು ಅವನ ಹೆಂಡತಿ ಮಂಜುಳ ಹನೂರಿನಲ್ಲಿ, ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹೋಟೆಲು ಇಟ್ಟಿದ್ದಾರೆ. ಅಲ್ಲಿಗೆ ಹೊಸದೊಂದು ಮೆಷಿನ್ನು ಬಂದಿತ್ತು. ಗಿರಾಕಿಗಳೇ ಗಾಜಿನ ಮೇಲೆ ಚಿತ್ರ ಮುಟ್ಟಿ ತಮಗೆ ಬೇಕಾದ್ದನ್ನು ಹೇಳಿಕೊಳ್ಳಬಹುದಂತೆ. ಅದರ ಪೂಜೆಗೆಂದು ಮಂಜುಳ ಅತ್ತೆಯನ್ನು ಕರೆಸಿಕೊಂಡಳು. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೋದವರು ತಿಂಗಳಾದರೂ ಬರಲಿಲ್ಲ. ಫೋನು ಮಾಡಿದರೆ ಹಿಂದಿನಿಂದ ಗಲಾಟೆ, ಮುಂದಿನಿಂದ "ಆಮೇಕ್ ಮಾಡ್ತೀನಿ ಬುಡವ್ವ". ಬೆಟ್ಟಕ್ಕೆ ಹೋಗಿಬಂದವರೆಲ್ಲ ನಮ್ಮ ಮೆಸ್ಸಿನಲ್ಲಿ ಕೂತು, ನಾನು ಬಡಿಸಿದ ಅನ್ನ ಉಣ್ಣುತ್ತ, ಆ ಮೆಷಿನ್ನಿನ ಗುಣಗಾನ ಮಾಡುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಅತ್ತೆ ಹನ್ನೆರಡು ವರ್ಷದಿಂದ ಇದ್ದದ್ದು ನನ್ನ ಮನೆಯಲ್ಲಿ.

ಕೊಳ್ಳೇಗಾಲಕ್ಕೆ ಹದಿನೈದು ಕಿಲೋಮೀಟರ್ ದಾರಿ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಮಾಂಬಳ್ಳಿ ದಾಟುವಾಗ ಗದ್ದೆ ಬಯಲಿನ ಗಾಳಿ ತಣ್ಣಗಿತ್ತು. ಕೊಳ್ಳೇಗಾಲದಲ್ಲಿ ಇಳಿದರೆ ಬಿಸಿಲು ಚುರುಕು ಮುಟ್ಟಿಸಿತು. ಅತ್ತೆಗೆ ಎರಡು ಮೊಳ ಮಲ್ಲಿಗೆ, ಒಂದು ಚಿಪ್ಪು ಪುಟ್ಟಬಾಳೆ ಕೊಂಡೆ. ಮಂಜುಳನಿಗೂ ಒಂದು ಮೊಳ ಕೊಂಡೆ, ಇಲ್ಲದಿದ್ದರೆ ಆಡಿಕೊಳ್ಳುತ್ತಾಳೆ.

ಹನೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಪುಣ್ಯ. ಪಕ್ಕದಲ್ಲಿ ಕೂತವಳು ಬಂಡಳ್ಳಿಯ ಹೆಂಗಸು, ಮಡಿಲಲ್ಲಿ ಸಂತೆಯ ಚೀಲ. ಹನೂರಿನಲ್ಲಿ ಊಟಕ್ಕೆ ಯಾವ ಹೋಟೆಲು ಚೆನ್ನ ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

"ಬೆಟ್ಟದ್ ರೋಡಲ್ಲಿ ಅಜ್ಜಿ ಮೆಷಿನ್ ಓಟ್ಲು ಅದ್ಯಲ್ಲ, ಅಲ್ಲೇ ಓಗಕ್ಕ. ಮುಟ್ಟುದ್ರೆ ಅಜ್ಜಿ ನಗ್ತದೆ ಕಣಕ್ಕ, ನಂಗಂತೂ ಅದ್ನ ನೋಡಾಕೇ ಓಗ್ಬೇಕು ಅನ್ಸುತ್ತೆ."

"ಯಾರ ಅಜ್ಜಿ ಅದು?"

"ಓಟ್ಲವ್ಳ ಅತ್ತೆಯಂತೆ. ಪುಣ್ಯ ಮಾಡವ್ಳೆ ಆ ಮುದ್ಕಿ. ಎಂತಾ ಸೊಸೆ ಸಿಕ್ಕವ್ಳೆ ನೋಡು."

"ಅವರಿಗೆ ಇನ್ನೊಬ್ಬ ಸೊಸೆ ಇದ್ದಾಳೆ" ಎಂದೆ.

"ಇದ್ರೂ ಇರ್ಬೋದು" ಎಂದು ಅವಳು ಆಕಳಿಸಿದಳು.

ಇಪ್ಪತ್ತೈದು ಕಿಲೋಮೀಟರಿನ ಉಳಿದ ದಾರಿಯಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ಕಾಮಗೆರೆಯಲ್ಲಿ ಬಸ್ಸು ನಿಂತಾಗ ಅವಳು ಕಡಲೆಕಾಯಿ ಕೊಟ್ಟಳು. ಬೇಡ ಎಂದೆ.

ಹೋಟೆಲಿನ ಬಾಗಿಲಲ್ಲಿ ಮೊದಲು ಕಂಡದ್ದು ಚಪ್ಪಲಿಗಳು. ಒಳಗೆ ಹೋದಾಗ ಕಾರಣ ತಿಳಿಯಿತು. ಆಳೆತ್ತರದ ಗಾಜಿನ ಪರದೆ, ಅದರ ನಡುವೆ ಹಣೆಗೆ ಮೂರು ಪಟ್ಟೆ ವಿಭೂತಿ, ಎರಡು ಕಡೆ ಮೂಗುಬೊಟ್ಟು ಇಟ್ಟುಕೊಂಡ ನಮ್ಮತ್ತೆ! ಫೋಟೋ ಅಲ್ಲ, ಗೊಂಬೆಯ ಹಾಗೆ ಬರೆದ ಚಿತ್ರ. ಆದರೆ ಅತ್ತೆಯೇ. ಬೆಟ್ಟಕ್ಕೆ ಹೊರಟ ಜನ ಬೆಳಕು, ವಿಭೂತಿ ಎರಡನ್ನೂ ನೋಡಿ ಚಪ್ಪಲಿ ಬಿಟ್ಟು, ಕೈಮುಗಿದೇ ಹತ್ತಿರ ಬರುತ್ತಿದ್ದರು. ಒಬ್ಬಾತ ಗಾಜಿನ ಕೆಳಗೆ ಹಣ್ಣುಕಾಯಿಯ ಚೀಲವನ್ನೂ ಇಟ್ಟಿದ್ದ.

ಮುಟ್ಟಿದರೆ ಗೊಂಬೆ ಅತ್ತೆ ಭುಜ ಕುಣಿಸಿ ನಗುತ್ತಿದ್ದರು. ಮುದ್ದೆಯಿಂದ ಹಬೆ ಏಳುತ್ತಿತ್ತು. ಉಪ್ಸಾರಿನ ಚಿತ್ರ ಒತ್ತಿದರೆ ಸೌಟಿನಿಂದ ಸಾರು ಸುರಿದು, ಪಕ್ಕದಲ್ಲಿ ಖಾರದ ಉಂಡೆ ಉರುಳಿಕೊಂಡು ಬಂದು ನಿಲ್ಲುತ್ತಿತ್ತು. ಬಣ್ಣವೋ ಬಣ್ಣ. ನಮ್ಮ ಮೆಸ್ಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಊಟ ಸಿದ್ಧವಾಗಿದೆ" ಎಂದು ಬರೆದದ್ದು ನೆನಪಾಗಿ ಮೈ ಉರಿಯಿತು. ಆ ಉಪ್ಸಾರಿನ ಖಾರವನ್ನು ಇಷ್ಟು ವರ್ಷ ಅತ್ತೆಯ ಬಾಯಿಂದ ಕೇಳಿ ಕೇಳಿ ಅರೆದವಳು ನಾನು.

ಮೆಷಿನ್ನಿನ ಪಕ್ಕದಲ್ಲಿ, ದಿಂಬು ಹಾಕಿದ ಕುರ್ಚಿಯಲ್ಲಿ ನಿಜವಾದ ಅತ್ತೆ ಕೂತಿದ್ದರು. ಅಕ್ಷರ ಬಾರದ ಅತ್ತೆ ಚಿತ್ರ ನೋಡಿಯೇ ಎಲ್ಲವನ್ನೂ ಕಲಿತಿದ್ದರು. ಯಾರ ಸಹಾಯವೂ ಬೇಡದ ಮೆಷಿನ್ನಂತೆ ಅದು. ನಾನಿದ್ದಷ್ಟು ಹೊತ್ತೂ ಅತ್ತೆ ಇಲ್ಲದೆ ಒಬ್ಬನಿಗೂ ಊಟ ಸಿಗಲಿಲ್ಲ. "ಅಲ್ಲಲ್ಲ, ಮೆತ್ತುಗ್ ಮುಟ್ಟು, ಗುದ್ಬ್ಯಾಡ. ಆಂ, ಈಗ ಚೀಟಿ ಬತ್ತದೆ, ತಕಂಡ್ ಆ ಕಿಟ್ಕಿಗೆ ಕೊಡು" ಎನ್ನುತ್ತಿದ್ದರು. ಒಬ್ಬ ಮುದುಕಿಯ ಬೆರಳನ್ನು ಹಿಡಿದು ಮುದ್ದೆಯ ಮೇಲೆ ತಾವೇ ಇಡಿಸಿದರು.

ನನ್ನನ್ನು ಕಂಡು ಮುಖ ಅರಳಿತು. "ಬಂದ್ಯಾ ರತ್ನಿ? ಬಾ, ನೀನೂ ಮುಟ್ಟು!"

ಮುಟ್ಟಿದೆ. ಗೊಂಬೆ ಅತ್ತೆ ನನ್ನನ್ನೂ ನೋಡಿ ನಕ್ಕರು, ಎಲ್ಲರಿಗೂ ನಕ್ಕಷ್ಟೇ.

ಊಟ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಮಂಜುಳ ಪಕ್ಕದಲ್ಲಿ ನಿಂತು, "ಇನ್ನೊಂಚೂರ್ ಸಾರು ಬುಟ್ಕಳಕ್ಕ" ಎಂದು ಉಪಚಾರ ಮಾಡುತ್ತಿದ್ದಳು. ಮಲ್ಲಿಗೆಯನ್ನು ಮುಡಿದು ಖುಷಿಪಟ್ಟಳು. ಅವಳು ಕೊಂಚ ಜಂಬ ತೋರಿಸಿದ್ದರೆ ನಾನು ನೆಮ್ಮದಿಯಾಗಿ ಸಿಟ್ಟಾಗಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ.

ಜನ ಕಡಿಮೆಯಾದ ಮೇಲೆ ಅತ್ತೆಯ ಪಕ್ಕದಲ್ಲಿ ಕೂತು ಹೇಳಿದೆ. "ಚೀಲ ಕಟ್ಟಿ ಅತ್ತೆ, ಸಂಜೆ ಬಸ್ಸಿಗೆ ಓಗಾಣ."

"ನಾ ಓದ್ರೆ ಇಲ್ಲಿ ಯಾರವ್ವ ಯೇಳ್ಕೊಡಾದು? ಮಂಜಿಗೆ ಕೈ ಬಿಡುವಿಲ್ಲ."

"ನಮ್ಮನೇಲಿ ನಿಮಗೇನು ಕಮ್ಮಿ ಆಗಿತ್ತು? ಒಂದು ಲೋಟ ಎತ್ತಿಡಕ್ಕೂ ಬಿಟ್ಟಿರಲಿಲ್ಲ ನಾನು."

"ಅದೇ ಕಣ್ ಮಗ" ಎಂದು ಅತ್ತೆ ನಕ್ಕರು. "ನಿನ್ ಮನೇಲಿ ಕುಂತಿದ್ದೆ. ಇಲ್ಲಿ ಕುಂತಿದ್ರೂ ಕೆಲ್ಸ ಅದೆ. ಬತ್ತೀನಿ ಬುಡು, ದೀವಳ್ಗೆ ಆಗ್ಲಿ."

ದೀಪಾವಳಿಗೆ ಇನ್ನೂ ತಿಂಗಳುಗಳಿದ್ದವು. ನಾನು ಬಾಳೆಹಣ್ಣನ್ನು ಅವರ ಮಡಿಲಿಗೆ ಇಟ್ಟು ಎದ್ದೆ.

ಹೊರಡುವ ಹೊತ್ತಿಗೆ ಮುಸ್ಸಂಜೆ. ದೀಪ ಹಚ್ಚುವ ಮುಂಚೆ ಮೆಷಿನ್ನಿಗೆ ದೃಷ್ಟಿ ತೆಗೆಯುವುದು ಅತ್ತೆಯ ನಿತ್ಯದ ಕೆಲಸವಾಗಿತ್ತು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಗಾಜಿಗೆ ಮೂರು ಸಲ ನಿವಾಳಿಸಿದರು. "ಓದೋರ್ ಕಣ್ಣು, ಬಂದೋರ್ ಕಣ್ಣು, ನೆಂಟ್ರ್ ಕಣ್ಣು" ಎಂದು ಹೇಳುತ್ತ ಹಿತ್ತಲಿನ ಸೌದೆ ಒಲೆಯ ಕೆಂಡಕ್ಕೆ ಹಾಕಿದರು. ಕಣ್ಣು ಬಿದ್ದಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಬಿದ್ದಿರದಿದ್ದರೆ ಘಾಟು ಬಂದೇ ಬರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಮೆಣಸಿನಕಾಯಿ ಚಟಪಟ ಎಂದು ಕರ್ರಗಾಯಿತು. ಒಂದು ಸೀನೂ ಬರಲಿಲ್ಲ.

"ಅಬ್ಬಬ್ಬಾ, ಇವತ್ತು ಬಾರಿ ಕಣ್ ಬಿದ್ದಿತ್ತು ಕಣವ್ವ" ಎಂದು ಅತ್ತೆ ಅಚ್ಚರಿಪಟ್ಟರು. ನಾನು ಒಲೆಯನ್ನೇ ನೋಡುತ್ತ ನಿಂತಿದ್ದೆ. ಯಾರ ಕಣ್ಣು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಬಸ್ಸಿನ ಹಾರ್ನ್ ಕೇಳಿಸಿತು. "ತಡಿ ಮಗ, ಒಬ್ಳೇ ಓಯ್ತಿದ್ದೀ, ನಿಂಗೂ ತಗೀತೀನಿ" ಎಂದು ಅತ್ತೆ ಮತ್ತೊಂದು ಮುಷ್ಟಿ ಉಪ್ಪು ಮೆಣಸಿನಕಾಯಿ ತಂದು, ನನ್ನ ತಲೆಯಿಂದ ಕಾಲವರೆಗೆ ನಿವಾಳಿಸಿ, ನನ್ನ ಗಲ್ಲ ಸವರಿ ಲಟಿಕೆ ಮುರಿದರು. ಆ ಒಂದು ಗಳಿಗೆ ನನಗೆ ಎಲ್ಲವೂ ವಾಪಸು ಸಿಕ್ಕ ಹಾಗಾಯಿತು.

ಕೆಂಡಕ್ಕೆ ಬಿದ್ದದ್ದೇ ತಡ, ಘಾಟು ಎದ್ದಿತು. ಅತ್ತೆ ಕೆಮ್ಮಿದರು, ಮೈದುನ ಗಲ್ಲಾಪೆಟ್ಟಿಗೆ ಬಿಟ್ಟು ಹೊರಗೆ ಓಡಿದ, ಊಟಕ್ಕೆ ಕೂತವರೆಲ್ಲ ಸೀನತೊಡಗಿದರು. ಮಂಜುಳ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಲೇ, "ಸದ್ಯ, ನಿನ್ ಮ್ಯಾಲೆ ಯಾರ್ ಕಣ್ಣೂ ಬಿದ್ದಿಲ್ಲ ಕಣಕ್ಕ" ಎಂದು ಸಂತೋಷಪಟ್ಟಳು.

ಓಡಿಬಂದು ಬಸ್ಸು ಹತ್ತಿದೆ. ತಿರುಗಿ ನೋಡಿದಾಗ ಬಾಗಿಲಲ್ಲಿ ಹೊಗೆಯ ನಡುವೆ ಮಂಜುಳ ಕೈ ಬೀಸುತ್ತಿದ್ದಳು. ಹನ್ನೆರಡು ವರ್ಷ ಅತ್ತೆ ನನ್ನ ಮನೆಯಲ್ಲಿದ್ದರಲ್ಲ, ಆಗಲಾದರೂ ಅವಳಿಗೆ ನನ್ನನ್ನು ಕಂಡು ಒಂದು ಚೂರು ಹೊಟ್ಟೆಕಿಚ್ಚು ಆಗಿರಬಾರದಿತ್ತೇ?