ನಳಿಗೆ ಹಿಡಿದು ಸೊಲ್ಲಾಪುರಕ್ಕೆ

ತಾಯಿ ಇಲ್ಲದ ನನಗೆ ಬಾಣಂತನ ಮಾಡಿದವರು ಅತ್ತೆಯೇ. ಆಲಮೇಲದ ಮನೆಯಲ್ಲಿ ಹುಟ್ಟಿದ ನನ್ನ ಮೊದಲ ಮಗ ಮೊಲೆಗೆ ಬಾಯಿ ಹಚ್ಚಿದ ಕೂಡಲೇ ಬಿಟ್ಟು ಕಿರುಚುತ್ತಿದ್ದ. ಅವನ ಬಟ್ಟೆ ಸದಾ ತುಸು ಒದ್ದೆ. ಉಚ್ಚೆ ಹನಿಹನಿಯಾಗಿ ಒಸರುತ್ತಿತ್ತೇ ಹೊರತು ಒಮ್ಮೆಯೂ ಧಾರೆಯಾಗಿ ಹೋಗಲಿಲ್ಲ. ಹೊಕ್ಕುಳ ಕೆಳಗೆ ಮುಟ್ಟಿದರೆ ಪೇರಲಕಾಯಿಯಂಥ ಗಟ್ಟಿ ಗಂಟು ಕೈಗೆ ಹತ್ತುತ್ತಿತ್ತು.

ಅತ್ತೆಗೆ ಅದು ಹೊಟ್ಟೆಯುಬ್ಬರ. ಓಮಿನ ನೀರು ಕುಡಿಸಿದರು, ಔಡಲೆಣ್ಣೆ ತಿಕ್ಕಿದರು. ವಾಂತಿ, ಜ್ವರ ಸುರುವಾದ ಮೇಲೆ ಚುಟಗಿ ಹಾಕುವ ಹೆಂಗಸನ್ನು ಕರೆಸಿದರು. ಕಾಯಿಸಿದ ಸೂಜಿಯಿಂದ ಹೊಟ್ಟೆ ಸುಡುವುದಕ್ಕೆ ನಮ್ಮ ಕಡೆ ಚುಟಗಿ ಅನ್ನುತ್ತಾರೆ. ನನ್ನ ಗಂಡನ ಹೊಟ್ಟೆಯ ಮೇಲೂ ಆ ಕಲೆಗಳಿದ್ದವು. ಆಕೆ ಸೂಜಿಯನ್ನು ಕೆಂಡಕ್ಕಿಟ್ಟಾಗ ನಾನು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದುಬಿಟ್ಟೆ. ಅತ್ತೆಗೆ ಎದುರಾಡಿದ್ದು ಅದೇ ಮೊದಲು.

"ಬ್ಯಾಡ್ರಿ ಅತ್ತಿ. ಇದು ಉಚ್ಚಿ ಕಟ್ಟಿದ್ದು. ಸಿಂದಗಿಗೆ ಒಯ್ತೇನಿ," ಎಂದೆ.

"ಹಾದ್ಯಾಗ ಏನರ ಆದ್ರ ಯಾರು ಹೊಣಿ?" ಎಂದರು ಅತ್ತೆ.

"ನಾನ ಹೊಣಿರಿ."

ಗಂಡ ಚಪ್ಪಲಿ ಮೆಟ್ಟಿದರು. ಬಸ್ಸು ಹತ್ತುವಾಗ ನೋಡಿದರೆ ಅತ್ತೆಯೂ ಬಟ್ಟೆಯ ಗಂಟು ಹಿಡಿದು ಹಿಂದೆಯೇ ಬರುತ್ತಿದ್ದರು.

ಸಿಂದಗಿಯ ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿ, ಸಣ್ಣ ರಬ್ಬರ್ ನಳಿಗೆಯೊಂದನ್ನು ಕುದಿಸಿ ತರಲು ಹೇಳಿದರು. ಅದು ಉಚ್ಚೆಯ ದಾರಿಯಲ್ಲಿ ಒಳಗೆ ಹೋಗಲೊಲ್ಲದು. ಮಗು ಅತ್ತು ಅತ್ತು ನೀಲಿಗಟ್ಟಿತು. ಅದಕ್ಕಿಂತ ಸಣ್ಣದನ್ನು ತೆಗೆದರು. ಕೊನೆಗೆ ಕಲಗಚ್ಚಿನಂಥ ಉಚ್ಚೆ ಬಟ್ಟಲಿಗೆ ಇಳಿಯಿತು. ಗಂಟು ನನ್ನ ಕಣ್ಣೆದುರೇ ಕರಗಿತು.

"ಉಚ್ಚಿ ಹೋಗೂ ದಾರ್ಯಾಗ ಪರದಿಯಂಥ ತೊಗಲು ಅಡ್ಡ ಬೆಳದಂಗ ಕಾಣ್ತೈತಿ," ಎಂದರು ಡಾಕ್ಟರು. "ತಾಯಿ ಹೊಟ್ಟ್ಯಾಗಿದ್ದಾಗನ ಬಂದದ್ದು. ಭಾಳ ಅಪರೂಪ. ಸೊಲ್ಲಾಪುರಕ್ಕ ಇವತ್ತ ಒಯ್ರಿ. ಈ ನಳಿ ಮಾತ್ರ ಕಳಚಬಾರದು ನೋಡ್ ತಂಗಿ."

ನಳಿಗೆಯನ್ನು ತೊಡೆಗೆ ಪಟ್ಟಿ ಹಚ್ಚಿ ಬಿಗಿದು, ಅದರ ತುದಿಯನ್ನು ಒಂದು ಸಣ್ಣ ಬಾಟಲಿಗೆ ಬಿಟ್ಟುಕೊಟ್ಟರು. ಇಂಡಿಯವರೆಗೆ ಬಸ್ಸು. ಕುಲುಕಿದಾಗಲೆಲ್ಲ ನನ್ನ ಕೈ ತಾನಾಗಿ ಆ ಪಟ್ಟಿಯ ಮೇಲೆ ಹೋಗುತ್ತಿತ್ತು. ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಸ್ವಲ್ಪ ದೂರ ಹೋಗಿರಬೇಕು, ಬಾಟಲಿಗೆ ಹನಿ ಬೀಳುವುದು ನಿಂತಿತು.

ಬಟ್ಟೆ ಬಿಚ್ಚಿದೆ. ಪಟ್ಟಿಯ ಕೆಳಗೆ ನಳಿಗೆ ಮಡಚಿಕೊಂಡಿತ್ತು. ಮೆಲ್ಲಗೆ ನೆಟ್ಟಗೆ ಮಾಡಿದೆ, ಹನಿ ಬೀಳಲಿಲ್ಲ. ಗಂಟು ಮತ್ತೆ ಕೈಗೆ ಹತ್ತತೊಡಗಿತು. ಗಂಡ ಮುಂದಿನ ಸ್ಟೇಷನ್ನಿನಲ್ಲಿ ಇಳಿಯೋಣವೇ ಎಂದು ಕೇಳಿದರು. ಇಳಿದು ಎಲ್ಲಿಗೆ ಹೋಗುವುದು? ಆಗ ಅತ್ತೆ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಕೆಳಗೆ ಕುಕ್ಕರುಗಾಲಲ್ಲಿ ಕುಳಿತರು. ಕೂಸನ್ನು ಮೇಲೆತ್ತಿ ಹಿಡಿ ಎಂದು ನನಗೆ ಹೇಳಿ, ಬಾಟಲಿಯನ್ನು ನೆಲಕ್ಕೆ ತಾಗಿಸಿ ಹಿಡಿದರು. ನಳಿಗೆಯಲ್ಲಿ ರಕ್ತದ ಎಳೆಯೊಂದು ಜಾರಿ ಬಂತು, ಅದರ ಹಿಂದೆ ಉಚ್ಚೆ. ಸೊಲ್ಲಾಪುರ ಬರುವವರೆಗೂ ಅವರು ಆ ನೆಲ ಬಿಟ್ಟು ಏಳಲಿಲ್ಲ.

ಅಲ್ಲಿಯ ದವಾಖಾನೆಯಲ್ಲಿ, ನಂಜು ರಕ್ತಕ್ಕೆ ಏರಿದೆ, ಈಗಲೇ ಪರದೆ ಕೊಯ್ದರೆ ಮಗು ತಾಳದು ಎಂದರು. ಹೊಕ್ಕುಳ ಕೆಳಗೆ ಒಂದು ತೂತು ಮಾಡಿ ಉಚ್ಚೆಗೆ ಅಲ್ಲಿಂದ ದಾರಿ ಮಾಡಿಕೊಟ್ಟರು. ಮಗು ಬಲಿತ ಮೇಲೆ ಮತ್ತೆ ಕರೆತರಬೇಕೆಂದು ಹೇಳಿ ಕಳಿಸಿದರು.

ಆ ತೂತಿನೊಂದಿಗೆ ಬಾಳುವುದೇ ದೊಡ್ಡ ಕೆಲಸವಾಯಿತು. ದಿನವೂ ಅರಿವೆ ಕುದಿಸಬೇಕು, ತೂತಿನ ಸುತ್ತ ಚರ್ಮ ಬೇಯದಂತೆ ಒರೆಸಬೇಕು. ಹಣೆ ತುಸು ಬೆಚ್ಚಗಾದರೂ ಮತ್ತೆ ನಂಜು ಏರಿತೇನೋ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನೋಡಲು ಬಂದವರನ್ನು ಅತ್ತೆ ಹೊಸ್ತಿಲಲ್ಲೇ ತಡೆದು, ಕೈಕಾಲು ತೊಳೆದು ಬರ್ರಿ ಎನ್ನುತ್ತಿದ್ದರು.

ಮಗು ಗೋಡೆ ಹಿಡಿದು ನಿಲ್ಲತೊಡಗಿದ ಮೇಲೆ ಎರಡನೆಯ ಆಪರೇಷನ್ ಆಯಿತು. ಪರದೆ ಹೋಯಿತು, ತೂತು ಮುಚ್ಚಿತು. ಕಟ್ಟಿದ ಉಚ್ಚೆಯಿಂದ ಒಂದು ಮೂತ್ರಪಿಂಡ ಮಾತ್ರ ಮೊದಲೇ ಕೆಟ್ಟುಹೋಗಿತ್ತು. ಇನ್ನೊಂದರ ಮೇಲೆಯೇ ಇವನು ಬದುಕಬೇಕು ಎಂದರು. ಹಾಗೆಯೇ ಬದುಕಿದ. ಓರಗೆಯವರಿಗಿಂತ ಗಿಡ್ಡನಾಗಿ ಉಳಿದ, ಸಾಲಿಗೆ ಹೋದ, ನಾಲತವಾಡದಲ್ಲಿ ಮಾಸ್ತರನಾದ. ಈಗಲೂ ಅವನಿಗೆ ಜ್ವರ ಎಂದು ಸುದ್ದಿ ಬಂದರೆ, ಬರಿಯ ನೆಗಡಿಯ ಜ್ವರ ಎಂದು ಅವನ ಬಾಯಿಂದಲೇ ಕೇಳುವವರೆಗೆ ನನಗೆ ಊಟ ಇಳಿಯುವುದಿಲ್ಲ.