ಶಾಂತಾರಾಮ ಕೆರೆದ ಕಲಾಯಿ

ಇಲ್ಲ ಅನ್ನಬೇಡಿ. ಕಲಾಯಿ ಹಾಕುವವನು ತಾನೇ ಹಾಕಿದ ಕಲಾಯಿಯನ್ನು ಮನೆಮನೆಗೆ ಹೋಗಿ ಕೆರೆದು ತೆಗೆಯುತ್ತಾನೆಯೇ ಅಂತ ಕೇಳುತ್ತೀರಲ್ಲ, ನಮ್ಮ ಕೋಲಸಿರ್ಸಿಯಲ್ಲಿ ಶಾಂತಾರಾಮ ತೆಗೆದ. ಅವನು ಬೆಳಗಿಟ್ಟ ಚರಿಗೆಯಲ್ಲಿ ಮುಖ ನೋಡಿಕೊಂಡ ನಮ್ಮ ಎಮ್ಮೆ ಮೂರು ದಿನ ಹಾಲು ಕೊಡದೆ ಶೃಂಗಾರಕ್ಕೆ ಕೂತಿತ್ತು! ಸರಿ, ಎಮ್ಮೆ ಮಾತು ಬಿಡಿ. ಉಳಿದದ್ದು ನಿಜ.

೨೦೦೩ನೇ ಇಸವಿ. ಅಂಗನವಾಡಿಯ ಇಪ್ಪತ್ತೆರಡು ಮಕ್ಕಳ ರಕ್ತ ಪರೀಕ್ಷೆಗೆ ಹೋಯಿತು. ಒಂಬತ್ತು ಮಕ್ಕಳಲ್ಲಿ ಸೀಸ ತುಸು ಹೆಚ್ಚು. ಅವರಲ್ಲಿ ನನ್ನ ಮೊಮ್ಮಗಳು ಅಭಿಜ್ಞಾಳೂ ಒಬ್ಬಳು. ಮಂಗನಿಗೆ ಮರ ಹತ್ತಲು ಕಲಿಸುವ ಹುಡುಗಿಗೆ ಎಂಥ ರೋಗ ಎಂದು ನಕ್ಕೆ. ನರ್ಸ್ ನೀಲಾ ನಗಲಿಲ್ಲ.

“ಹೊರಗೆ ಎಂತದೂ ಕಾಣೂದಿಲ್ಲ ಹೆಗಡೇರೆ. ಒಳಗೆ ಬುದ್ಧಿ ಬೆಳೆಯೂದಕ್ಕೆ ಅಡ್ಡ ಬರ್ತದೆ. ಇಷ್ಟಕ್ಕೆ ಗುಳಿಗೆ ಇಲ್ಲ. ಎಲ್ಲಿಂದ ಬರ್ತದೆ ಅಂತ ಹುಡುಕಿ ನಿಲ್ಲಿಸ್ಬೇಕು.”

ಹದಿನೈದು ದಿನ ಅಡುಗೆಮನೆಗಳಲ್ಲಿ ಕೂತು ಹುಡುಕಿದಳು. ಒಂಬತ್ತೂ ಮನೆಗಳಲ್ಲಿ ಹುಳಿ ಕುದಿಯುತ್ತಿದ್ದದ್ದು ಆ ವರ್ಷ ಶಾಂತಾರಾಮ ಕಲಾಯಿ ಹಾಕಿದ ಹಿತ್ತಾಳೆ ಚರಿಗೆಯಲ್ಲಿ.

ಅವನ ಅಪ್ಪ ತವರದ ಒಂದೊಂದು ಕಡ್ಡಿಯನ್ನೂ ಕಿವಿಯ ಬಳಿ ಬಗ್ಗಿಸಿ ನೋಡುತ್ತಿದ್ದ. ಶುದ್ಧ ತವರ ಕಿರ್ರೆನ್ನುತ್ತದೆ. ಸೀಸ ಬೆರೆತದ್ದು ಸುಮ್ಮನಿರುತ್ತದೆ. ಮಗ ಅವಸರದಲ್ಲಿ ಆ ಪದ್ಧತಿ ಬಿಟ್ಟಿದ್ದ. ನೀಲಾಳ ಎದುರು ಒಂದು ಕಡ್ಡಿ ಬಗ್ಗಿಸಿದ. ಸದ್ದಿಲ್ಲ. ಇನ್ನೊಂದು. ಅದೂ ಇಲ್ಲ.

“ಸಿಸ್ಟರೇ, ಒಂದು ಚರಿಗೆನೂ ಬಿಡೂದಿಲ್ಲ ನಾನು” ಅಂದ.

ಮನೆಮನೆಯ ಚರಿಗೆ ಒಯ್ದು, ಮಕ್ಕಳು ಸುಳಿಯದ ಗದ್ದೆಬಯಲಲ್ಲಿ, ಮೂಗಿಗೆ ಬಟ್ಟೆ ಕಟ್ಟಿ, ನೀರು ಹನಿಸುತ್ತ ಕೆರೆದ. ಕೆರೆದದ್ದನ್ನೆಲ್ಲ ನೀಲಾ ಡಬ್ಬಿಯಲ್ಲಿ ಮುಚ್ಚಿ ಒಯ್ದಳು. ಕಿವಿಯ ಬಳಿ ಕಿರ್ರೆಂದ ತವರದ ಹೊಸ ಕಲಾಯಿಗೆ ಅವನು ಊದಿದ ತಿದಿಯ ಗಾಳಿಗೆ ಯಲ್ಲಾಪುರದಲ್ಲಿ ಹೆಂಚು ಹಾರಿದವಂತೆ. ಅರವತ್ತು ಚರಿಗೆ ಮುಗಿದವು. ಉಳಿದದ್ದು ಒಂದು, ನಮ್ಮನೆಯದು. ನನ್ನ ಹೆಂಡತಿ ಸೀತಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಮ್ಮಜ್ಜಿ ಇದ್ರಲ್ಲೇ ಅಪ್ಪೆಹುಳಿ ಕುಡಿದು ತೊಂಬತ್ತು ವರ್ಷ ಬದುಕಿದಾಳೆ. ಕೊಡೂದಿಲ್ಲ!”

“ಆಗ ಕಲಾಯಿ ಹಾಕಿದ್ದು ನಮ್ಮಪ್ಪ, ಅಕ್ಕಾ. ಈಗ ಹಾಕಿದ್ದು ನಾನು” ಎಂದು ಅಂಗಳದಲ್ಲೇ ಕೂತುಬಿಟ್ಟ. ಚಾ ಕೊಟ್ಟರೆ ಕುಡಿಯಲಿಲ್ಲ. ಬಿಸಿಲು ನೆತ್ತಿಗೇರಿತು. ಸೀತಮ್ಮ ಒಳಗೆ ಹೋದಳು, ಚರಿಗೆಯಲ್ಲಿದ್ದ ಹುಳಿಯನ್ನು ಚೆಲ್ಲಿ, ತೊಳೆದು ತಂದು ಅವನ ಮುಂದಿಟ್ಟಳು.

ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಒಂಬತ್ತೂ ಮಕ್ಕಳಲ್ಲಿ ಇಳಿದಿತ್ತು. ಅಭಿಜ್ಞಾಳದು ಪೂರ್ತಿ ಇಳಿದಿರಲಿಲ್ಲ. “ಇನ್ನೂ ಇಳೀಬೇಕು, ಬಿಡೂದಿಲ್ಲ” ಎಂದು ನೀಲಾ ಮುಂದಿನ ತಾರೀಖು ಬರೆದಳು. ಶಾಂತಾರಾಮನೋ, ನಮ್ಮ ಚರಿಗೆ ಮುಗಿದ ಮರುದಿನವೇ ತಿದಿ ಹೊತ್ತು ಎಕ್ಕಂಬಿಯ ಬಸ್ಸು ಹತ್ತಿದ್ದ; ಅಲ್ಲೂ ಆ ವರ್ಷ ಕಲಾಯಿ ಹಾಕಿದ್ದು ಅವನೇ. ಅಲ್ಲಿ ಒಬ್ಬ ಅಜ್ಜ ದೊಣ್ಣೆ ಹಿಡಿದು—

“ಊಟಕ್ಕೆ ಬತ್ರಾ ಇಲ್ಯಾ? ಅನ್ನ ಆರ್ತು!” ಒಳಗಿಂದ ಸೀತಮ್ಮನ ಕೂಗು.

ಬಂದೆ ಮಾರಾಯ್ತಿ, ಬಂದೆ.